ಅಮ್ಮನ ಅಂಗನವಾಡಿಯಲ್ಲಿ ನನ್ನ ಮಗನ ಒಂದು ವರ್ಷ

ನಮ್ಮಮ್ಮ ಅಂಗನವಾಡಿ ಟೀಚರ್. ಇವತ್ತು ಇದನ್ನು ಸಲೀಸಾಗಿ ಬರೆದುಬಿಟ್ಟೆ. ಕಾಲೇಜಿನಲ್ಲಿದ್ದಾಗ ಯಾರಾದರೂ ಕೇಳಿದರೆ ‘ಅಮ್ಮ ಟೀಚರ್’ ಅಂತಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ‘ಯಾವ ಸ್ಕೂಲು?’ ಅಂತ ಮುಂದುವರಿಸುವವರು ಸಿಕ್ಕರೆ ಪೇಚಾಟ ಶುರುವಾಗುತ್ತಿತ್ತು.

ಜರ್ನಲಿಸಂ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ಹಳ್ಳಿ ಶಾಲೆಗಳ ಬಗ್ಗೆ ಬಂದ ಎಷ್ಟೋ ಸುದ್ದಿಗಳನ್ನು ತಿದ್ದಿದ್ದೇನೆ. ಆದರೆ ಮಗನಿಗೆ ಮೂರೂವರೆ ವರ್ಷ ಆದಾಗ ಮನೆ ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆಯ ಎಲ್‌ಕೆಜಿಗೆ ಸೇರಿಸಿದೆ. ಫೋನಿನಲ್ಲಿ ಹೇಳಿದಾಗ ಅಮ್ಮ ಬೇಡ ಅನ್ನಲಿಲ್ಲ. ಒಂದೇ ಮಾತು ಕೇಳಿದಳು: ‘ಹೊರಗಡೆ ಆಡಕ್ಕೆ ಜಾಗ ಐತೇನೇ?’

ಇರಲಿಲ್ಲ. ಎರಡನೇ ಮಹಡಿಯ ಒಂದು ಹಾಲ್, ಕೆಳಗೆ ಕಾರು ನಿಲ್ಲಿಸುವ ಜಾಗ ಅಷ್ಟೇ.

ದಿನಾ ಎರಡು ಪುಟ ಹೋಂವರ್ಕ್ ಬರುತ್ತಿತ್ತು. ಒಂದೇ ಅಕ್ಷರವನ್ನು ಸಾಲುಗಟ್ಟಲೆ ಬರೆಯಬೇಕು. ಮಗ ಪೆನ್ಸಿಲ್ ಅನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತಿದ್ದ, ಮೊನೆ ಮುರಿಯುತ್ತಿತ್ತು, ಹಾಳೆ ಹರಿಯುತ್ತಿತ್ತು. ನಾನು ಕೈ ಹಿಡಿದು ಬರೆಸುತ್ತಿದ್ದೆ, ಗದರುತ್ತಿದ್ದೆ. ಸ್ವಲ್ಪ ದಿನಕ್ಕೆ ಅವನು ಅಂಗಿ ಕಾಲರ್ ಕಚ್ಚುವುದನ್ನು ಶುರು ಮಾಡಿದ. ಪುಸ್ತಕ ಎಂದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ.

2023ರ ಜನವರಿಯಲ್ಲಿ ಎರಡನೇ ಹೆರಿಗೆಗೆ ಅಂತ ಊರಿಗೆ ಬಂದೆ. ತುಮಕೂರು ಜಿಲ್ಲೆಯ ಒಣ ಸೀಮೆ ನಮ್ಮದು. ಫೆಬ್ರುವರಿಯಲ್ಲಿ ಮಗಳು ಹುಟ್ಟಿದಳು. ಅದೇ ಹೊತ್ತಿಗೆ ನಮ್ಮ ಯಜಮಾನರಿಗೆ ಬೇರೆ ರಾಜ್ಯದಲ್ಲಿ ಒಂದು ವರ್ಷದ ಕೆಲಸ ಬಿತ್ತು. ಬಾಣಂತನಕ್ಕೆ ಬಂದವಳು ತವರಲ್ಲೇ ಉಳಿದೆ. ಜೂನ್ ಬಂತು. ಮಗನನ್ನು ಎಲ್ಲಿಗೆ ಕಳಿಸುವುದು? ಪಟ್ಟಣದ ಶಾಲೆಯೊಂದರ ಹಳದಿ ವ್ಯಾನು ಊರೊಳಕ್ಕೇ ಬರುತ್ತಿತ್ತು. ಅಮ್ಮನ ಅಂಗನವಾಡಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ಅಮ್ಮನಿಗೆ ಅದು ಕೊನೆಯ ವರ್ಷ, ಅರವತ್ತು ತುಂಬುವುದರಲ್ಲಿತ್ತು. ‘ನಿನ್ನಿಷ್ಟ’ ಅಂದಳು. ಒಂದೇ ವರ್ಷ ತಾನೇ, ಆಡಿಕೊಂಡಿರಲಿ ಅಂತ ಅಂಗನವಾಡಿಗೆ ಕಳಿಸಿದೆ.

ಆಗ ನನ್ನ ಮನಸ್ಸಿನಲ್ಲಿದ್ದದ್ದು ಇದೇ ಮಾತು. ‘ಆಡಿಕೊಂಡಿರಲಿ.’ ಊರವರೂ ಅದನ್ನೇ ಹೇಳುತ್ತಿದ್ದರು: ‘ಅಂಗನವಾಡೀಲಿ ಏನ್ ಕಲುಸ್ತಾರೆ? ಬರೀ ಆಡುಸ್ತಾರೆ.’ ಅವರು ಬಾಯಿಬಿಟ್ಟು ಹೇಳಿದ್ದರು, ನಾನು ಹೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ಒಂದು ಕೋಣೆ, ಒಂದು ಜಗಲಿ, ಪಕ್ಕದಲ್ಲಿ ಅಡುಗೆ ಮನೆ. ದಾಖಲಾತಿ ಪುಸ್ತಕದಲ್ಲಿ 22 ಮಕ್ಕಳು. ಕೋಣೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಬಗೆಯ ಆಟ. ಒಂದರಲ್ಲಿ ಬಟ್ಟೆ ಗೊಂಬೆಗಳು, ಒಂದರಲ್ಲಿ ಮರದ ತುಂಡುಗಳು, ಒಂದರಲ್ಲಿ ಚಿತ್ರದ ಪುಸ್ತಕಗಳು, ಇನ್ನೊಂದರಲ್ಲಿ ಕಲ್ಲು, ಕಾಳು, ಬೀಜ, ಗರಿ. ಮಗ ಮೂರು ದಿನ ಬಾಗಿಲ ಹತ್ತಿರವೇ ಬ್ಯಾಗು ಅಪ್ಪಿಕೊಂಡು ನಿಂತಿದ್ದ. ನಾಲ್ಕನೇ ದಿನ ಅಮ್ಮ ಆ ಬ್ಯಾಗಿನಿಂದ ಪೆನ್ಸಿಲ್, ನೋಟ್‌ಬುಕ್ ಎರಡನ್ನೂ ತೆಗೆದು ಬೀರುವಿನ ಮೇಲಿಟ್ಟಳು. ‘ಇವು ಇಲ್ಲಿರ್ಲಿ. ಬೇಕು ಅಂದಾಗ ನೀನೇ ಕೇಳು’ ಅಂದಳು.

ರಾತ್ರಿ ನಾನು ಜಗಳ ಮಾಡಿದೆ. ‘ಇಷ್ಟು ದಿನ ಬರೆದಿದ್ದೂ ಮರೆತುಹೋಗುತ್ತೆ ಅಮ್ಮ.’

‘ಅವನಿಗೆ ಚಡ್ಡಿ ಗುಂಡಿ ಹಾಕ್ಕೊಳಕ್ಕೆ ಬರಲ್ಲ. ಡಬ್ಬಿ ಮುಚ್ಚಳ ತಿರುಗ್ಸಕ್ಕೆ ಆಗಲ್ಲ. ಆ ಬೆರಳಲ್ಲಿ ಏನ್ ಬರೀತಾನೇ? ಮೊದ್ಲು ಕೈಗೆ ಕಸುವು ಬರ್ಲಿ.’

ಪುಟ್ಟ ಮಕ್ಕಳಿಗೆ ಭುಜ, ಮೊಣಕೈ, ಮಣಿಕಟ್ಟು ಗಟ್ಟಿಯಾಗಿ, ಆಮೇಲೆ ಬೆರಳ ತುದಿಗೆ ಹಿಡಿತ ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಪೆನ್ಸಿಲ್ ಹಿಡಿಯಬೇಕಾದರೆ ಅದಕ್ಕೆ ಮೊದಲು ಆ ಕೈ ಎಷ್ಟೋ ಎಳೆದಿರಬೇಕು, ಎತ್ತಿರಬೇಕು, ಹಿಸುಕಿರಬೇಕು. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅಮ್ಮನಿಗೆ ಮೂವತ್ತು ವರ್ಷ ಮಕ್ಕಳ ಕೈ ನೋಡಿ ನೋಡಿಯೇ ಗೊತ್ತಿತ್ತು.

ಮಗಳಿಗೆ ಐದು ತಿಂಗಳು ತುಂಬಿದ ಮೇಲೆ ನಾನೂ ಅವಳನ್ನು ಎತ್ತಿಕೊಂಡು ಅಂಗನವಾಡಿಯ ಜಗಲಿಯಲ್ಲಿ ಕೂರತೊಡಗಿದೆ. ಬೇಜಾರು ಕಳೆಯಲು ಹೋದವಳು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ವರದಿಗಾರರ ಚಾಳಿ ಎಲ್ಲಿ ಬಿಡುತ್ತೆ.

ಬೆಳಗ್ಗೆ ಹಾಜರಿಯೇ ಒಂದು ಆಟ. ಒಂದೊಂದು ಮಗುವಿಗೆ ಒಂದೊಂದು ಚಿತ್ರದ ರಟ್ಟು. ಒಬ್ಬಳಿಗೆ ಮೇಕೆ, ಒಬ್ಬನಿಗೆ ಎಳನೀರು, ನನ್ನ ಮಗನಿಗೆ ಬಸ್ಸು. ಬಂದ ತಕ್ಷಣ ತಮ್ಮ ರಟ್ಟು ಹುಡುಕಿ ಮೊಳೆಗೆ ನೇತುಹಾಕಬೇಕು. ಎಲ್ಲರೂ ಕೂತ ಮೇಲೆ ಅಮ್ಮ ಕೇಳುತ್ತಾಳೆ: ‘ಯಾರ್ ಯಾರ್ ಬಂದಿಲ್ಲ? ಎಷ್ಟ್ ಜನ?’ ಬುಟ್ಟಿಯಲ್ಲಿ ಉಳಿದ ರಟ್ಟುಗಳನ್ನು ಎಣಿಸುತ್ತಾರೆ. ‘ಮೇಕೆ ಬಂದಿಲ್ಲ ಮಿಸ್, ಅವಳಿಗೆ ಜ್ವರ.’ ಕಳೆಯುವ ಲೆಕ್ಕ ಆಯಿತು, ಗೆಳತಿಯ ವಿಚಾರಣೆಯೂ ಆಯಿತು. ರಟ್ಟಿನ ಕೆಳಗೆ ಅವರವರ ಹೆಸರು ಬರೆದಿರುತ್ತದೆ. ಮೂರು ತಿಂಗಳಾಗುವಷ್ಟರಲ್ಲಿ ಚಿತ್ರ ಮುಚ್ಚಿದರೂ ತಮ್ಮ ಹೆಸರು ಗುರುತಿಸುತ್ತಿದ್ದರು.

ಆ ವರ್ಷ ಮಳೆ ಕೈಕೊಟ್ಟಿತು. ನಿಮಗೂ ನೆನಪಿರುತ್ತದೆ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ. ಜುಲೈನಲ್ಲಿ ಅಮ್ಮ ‘ಮಳೆ’ ಅನ್ನುವ ಪಾಠ ಮಾಡಬೇಕಿತ್ತು, ಆಕಾಶದಲ್ಲಿ ಮೋಡವೇ ಇರಲಿಲ್ಲ. ಪ್ಲಾಸ್ಟಿಕ್ ಟಬ್ಬಿನಲ್ಲಿ ಅರ್ಧ ಬಿಂದಿಗೆ ನೀರು ಹಾಕಿ ಕಾಗದದ ದೋಣಿ ಬಿಡಿಸಿದಳು. ಯಾವುದು ತೇಲುತ್ತೆ, ಯಾವುದು ಮುಳುಗುತ್ತೆ ಅಂತ ಕಲ್ಲು, ಎಲೆ, ತೆಂಗಿನ ಚಿಪ್ಪು, ಮೊಳೆ ಒಂದೊಂದಾಗಿ ಹಾಕಿಸಿದಳು. ಹಾಕುವ ಮೊದಲು ‘ಏನಾಗುತ್ತೆ ಹೇಳಿ’ ಅಂತ ಕೇಳುತ್ತಿದ್ದಳು. ತಪ್ಪು ಹೇಳಿದವರಿಗೂ ಚಪ್ಪಾಳೆ. ಆಟ ಮುಗಿದ ಮೇಲೆ ಆ ನೀರನ್ನು ಮಕ್ಕಳೇ ಚೊಂಬಿನಲ್ಲಿ ತುಂಬಿ ನುಗ್ಗೆ ಗಿಡಕ್ಕೆ ಹಾಕಿದರು.

ಆಗಸ್ಟಿನಲ್ಲಿ ಗೊಂಬೆ ಮೂಲೆಯಲ್ಲಿ ಹೊಸ ಆಟ ಹುಟ್ಟಿತು. ಯಾರೂ ಹೇಳಿಕೊಟ್ಟಿದ್ದಲ್ಲ. ಒಬ್ಬ ಹುಡುಗ ಬಾಯಲ್ಲಿ ಹಾರ್ನ್ ಮಾಡುತ್ತಾ ಬಂದ. ಅವನು ನೀರಿನ ಟ್ಯಾಂಕರ್! ಉಳಿದವರು ಲೋಟ, ಚಿಪ್ಪು ಹಿಡಿದು ಸಾಲಾಗಿ ನಿಂತರು. ‘ನಮ್ಮನೆಗೆ ನಾಕು ಬಿಂದ್ಗೆ.’ ‘ಇಲ್ಲ, ಎಲ್ರಿಗೂ ಎರಡೇ.’ ಸಾಲು ಮುರಿದವಳಿಗೆ ಬೈಗುಳವೂ ಸಿಕ್ಕಿತು, ಥೇಟ್ ನಮ್ಮ ಬೀದಿಯಲ್ಲಿ ಕೇಳಿಬರುವಂಥದ್ದೇ. ನಾನು ನಕ್ಕೆ. ಅಮ್ಮ ನಗಲಿಲ್ಲ. ಆಟ ನಿಲ್ಲಿಸಲೂ ಇಲ್ಲ. ಪಕ್ಕಕ್ಕೆ ಹೋಗಿ ಕೂತು, ‘ನಮ್ಮನೇಲಿ ಬಾಣಂತಿ ಅವ್ಳೆ ಕಣಪ್ಪಾ, ಒಂದು ಬಿಂದ್ಗೆ ಜಾಸ್ತಿ ಕೊಡ್ತೀಯಾ?’ ಅಂತ ಕೇಳಿದಳು. ಟ್ಯಾಂಕರ್ ಹುಡುಗ ಬಹಳ ಹೊತ್ತು ಯೋಚಿಸಿ, ‘ಹಿಂದಿರೋರ್ನ ಕೇಳ್ಬೇಕು’ ಅಂದ. ಹಂಚಿಕೊಳ್ಳುವುದು, ಎಣಿಸುವುದು, ವಾದ ಮಾಡುವುದು, ಇನ್ನೊಬ್ಬರ ಕಷ್ಟ ನೋಡುವುದು, ಎಲ್ಲ ಅದೇ ಅರ್ಧ ಗಂಟೆಯಲ್ಲಿ ನಡೆಯಿತು.

ಅಂಗಳದಲ್ಲಿ ಆಡುವ ‘ಕೆರೆ–ದಡ’ ನಿಮಗೆಲ್ಲ ಗೊತ್ತು. ಕೆರೆ ಅಂದಾಗ ಗೆರೆ ದಾಟಿ ಒಳಗೆ ಹಾರಬೇಕು, ದಡ ಅಂದಾಗ ಹೊರಗೆ. ಅಮ್ಮ ಬೇಕೆಂದೇ ‘ಕೆರೆ... ಕೆರೆ... ಕೆರೆ’ ಅಂತ ಮೂರು ಸಲ ಹೇಳಿ ಕೆಡವುತ್ತಿದ್ದಳು. ಕಿವಿಗೊಟ್ಟು ಕೇಳಬೇಕು, ಹಾರಬೇಕು ಅನ್ನಿಸಿದರೂ ಕಾಲನ್ನು ತಡೆದು ಹಿಡಿಯಬೇಕು. ತರಗತಿಯಲ್ಲಿ ಮುಂದೆ ಹತ್ತು ನಿಮಿಷ ಒಂದು ಕಡೆ ಕೂತು ಪಾಠ ಕೇಳಲು ಬೇಕಾಗುವುದು ಈ ತಡೆಯುವ ಶಕ್ತಿಯೇ. ಬಡಿದು ಕೂರಿಸಿದರೆ ಅದು ಬರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಗೌರಿ ಗಣೇಶ ಹಬ್ಬ. ಕೆರೆಯಂಗಳ ಒಣಗಿತ್ತು, ತಗ್ಗಿನಿಂದ ಮಣ್ಣು ತಂದು ನೆನೆಸಿ ಕಲಸಿದರು. ಎಲ್ಲರೂ ಗಣೇಶನನ್ನು ಮಾಡುತ್ತಿದ್ದರೆ ನನ್ನ ಮಗ ಜೆಸಿಬಿ ಮಾಡಿದ. ನಾನು ‘ಗಣೇಶ ಮಾಡೋ’ ಅಂದೆ. ಅಮ್ಮ ನನ್ನನ್ನೇ ಸುಮ್ಮನಾಗಿಸಿ, ಜೆಸಿಬಿ ಏನು ಕೆಲಸ ಮಾಡುತ್ತದೆ ಅಂತ ಕೇಳಿದಳು. ‘ಕೆರೆ ತೋಡುತ್ತೆ. ಆಮೇಲೆ ಮಳೆ ಬರುತ್ತೆ. ಆಮೇಲೆ ಗಣೇಶನ್ನ ಬಿಡಬಹುದು.’ ಎಲ್ಲರ ಮುಂದೆ ಅವನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ನಾನು ಆ ದಿನಾಂಕ ಬರೆದಿಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಓದಿ ಅಂಗನವಾಡಿ ಸ್ವರ್ಗ ಅಂದುಕೊಳ್ಳಬೇಡಿ. ಎಷ್ಟೋ ದಿನ ಅಮ್ಮನಿಗೆ ಕಥೆ ಹೇಳಲೂ ಬಿಡುವಿರುತ್ತಿರಲಿಲ್ಲ. ಮಕ್ಕಳ ತೂಕ, ಎತ್ತರ, ಗರ್ಭಿಣಿಯರ ಲೆಕ್ಕ, ಬಾಣಂತಿಯರ ಊಟ, ರೇಷನ್ ಲೆಕ್ಕ, ಇವನ್ನೆಲ್ಲ ಪುಸ್ತಕದಲ್ಲೂ ಬರೆಯಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲೂ ತುಂಬಬೇಕು. ನೆಟ್‌ವರ್ಕ್‌ಗಾಗಿ ಫೋನ್ ಹಿಡಿದು ಜಗಲಿಯ ತುದಿಗೆ ಹೋಗಿ ನಿಂತಿರುತ್ತಿದ್ದಳು. ಒಳಗೆ ಸಹಾಯಕಿ ಅಕ್ಕ ಒಲೆಯನ್ನೂ ನೋಡಬೇಕು, ಮಕ್ಕಳನ್ನೂ ನೋಡಬೇಕು. ಆ ಹೊತ್ತಿನಲ್ಲಿ ದಾರಿಯಲ್ಲಿ ಹೋಗುವವರು ಒಳಕ್ಕೆ ಇಣುಕಿದರೆ, ‘ಟೀಚರಮ್ಮ ಫೋನ್ ನೋಡ್ಕಂಡ್ ನಿಂತವ್ಳೆ’ ಅಂತಲೇ ಕಾಣುತ್ತದೆ.

ಅಕ್ಟೋಬರ್ ಕಳೆಯುವಷ್ಟರಲ್ಲಿ ಐದು ಮಕ್ಕಳು ಬಿಟ್ಟುಹೋಗಿದ್ದರು. ಬೆಳೆ ಇಲ್ಲದೆ ಬೆಂಗಳೂರಿಗೆ ಕೂಲಿಗೆ ಹೋದ ಎರಡು ಮನೆಯವರು ಮಕ್ಕಳನ್ನೂ ಕರೆದೊಯ್ದರು. ಉಳಿದ ಮೂವರು ಹಳದಿ ವ್ಯಾನು ಹತ್ತಿದರು. ಮೇಕೆ ಚಿತ್ರದ ಹುಡುಗಿಯೂ ಅವರಲ್ಲಿ ಒಬ್ಬಳು. ಅವಳ ತಾಯಿ ಬಂದು ಜಗಲಿಯಲ್ಲೇ ನಿಂತು ಹೇಳಿದಳು, ‘ಬೇಜಾರ್ ಮಾಡ್ಕಬೇಡಿ ಮಿಸ್. ನಮ್ ಓರಗಿತ್ತಿ ಮಗ ಎಬಿಸಿಡಿ ಪೂರ್ತಿ ಬರೀತಾನೆ. ನಮ್ ಹುಡ್ಗಿ ಇಲ್ಲಿ ಬರೀ ಆಡ್ತಾಳೆ. ಮನೇಲಿ ದಿನಾ ಮಾತು ಕೇಳಕ್ಕಾಗಲ್ಲ.’

ಫೀಸಿಗೆ ಎರಡು ಮೇಕೆ ಮಾರಿದ್ದಳು. ಬರದ ವರ್ಷದಲ್ಲಿ.

ಅಮ್ಮ ‘ಒಳ್ಳೇದಾಗ್ಲಿ ಕಣವ್ವ’ ಅಂದಳು. ಆ ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ. ನಾನು ಆ ತಾಯಿಯ ಬಗ್ಗೆ ಏನೋ ಅಂದೆ. ಅಮ್ಮ ತಲೆ ಎತ್ತದೆ, ‘ಅವ್ಳಿಗೇನು ಅಂತೀಯ. ನೀನು ಓದ್ದೋಳು, ನೀನ್ ಏನ್ ಮಾಡ್ದೆ?’ ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ‘ನಿನ್ನ ಕೆಲಸ ಕೆಲಸವೇ ಅಲ್ಲ’ ಅಂತ ನಾನು ಬಾಯಲ್ಲಿ ಹೇಳದೆ ಮಾಡಿ ತೋರಿಸಿದ್ದೆ. ಅವಳು ಅದನ್ನು ಎರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಒಂದು ವಿಷಯ ಆಮೇಲೆ ಓದಿದಾಗ ತಮಾಷೆ ಅನ್ನಿಸಿತು. ಆ ಹಳದಿ ವ್ಯಾನಿನ ಮೇಲೆ ಬರೆದಿರುವ ‘ಕಿಂಡರ್‌ಗಾರ್ಟನ್’ ಜರ್ಮನ್ ಪದ, ಮಕ್ಕಳ ತೋಟ ಅಂತ ಅರ್ಥ. 1840ರಲ್ಲಿ ಫ್ರೀಡ್ರಿಕ್ ಫ್ರೊಬೆಲ್ ಅನ್ನುವವರು ಇಟ್ಟ ಹೆಸರು. ಆಟವೇ ಪುಟ್ಟ ಮಕ್ಕಳ ಕಲಿಕೆ ಅನ್ನುವುದು ಅವರ ಮುಖ್ಯ ಮಾತು. ನಮ್ಮ ‘ಅಂಗನವಾಡಿ’ ಅಂದರೆ ಅಂಗಳದ ತೋಟ. ಮಹಾರಾಷ್ಟ್ರದ ಬೋರ್ಡಿ ಎಂಬ ಊರಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಆದಿವಾಸಿ ಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನು ತೆಗೆದುಕೊಂಡು ಹೋಗಿದ್ದರು, ಎಲೆ, ಕಲ್ಲು, ಬೀಜಗಳಲ್ಲೇ ಪಾಠ ಮಾಡಿದ್ದರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ.ನರಸೀಪುರಕ್ಕೆ. ಎರಡು ಹೆಸರಿಗೂ ಅರ್ಥ ಒಂದೇ. ಒಂದಕ್ಕೆ ಮೇಕೆ ಮಾರಿ ದುಡ್ಡು ಕಟ್ಟುತ್ತೇವೆ, ಇನ್ನೊಂದು ಊರಲ್ಲೇ ಇದ್ದರೂ ಲೆಕ್ಕಕ್ಕಿಲ್ಲ.

ಡಿಸೆಂಬರ್‌ನಲ್ಲಿ ಅವರೆಕಾಯಿ ಬಂತು. ಬೋರ್‌ವೆಲ್ ಇದ್ದ ಒಬ್ಬರ ಹೊಲದಿಂದ ಒಂದು ಮೊರ ಕಾಯಿ ಕೊಟ್ಟಿದ್ದರು. ಮಕ್ಕಳು ಸುತ್ತ ಕೂತು ಸುಲಿದರು. ಒಂದು ಕಾಯಲ್ಲಿ ಎಷ್ಟು ಕಾಳು? ಮೂರು, ನಾಲ್ಕು, ಹುಳ ಇದ್ದರೆ ಕಿರುಚಾಟ. ಹುಳವನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು ಅರ್ಧ ದಿನ ನೋಡಿದರು. ಮಾರನೆಯ ದಿನ ನೆನೆಸಿದ ಕಾಳು ಹಿತುಕುವ ಕೆಲಸ. ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಪಚಕ್ ಅಂತ ಚಿಮ್ಮಬೇಕು. ನನ್ನ ಮಗನದು ಮೊದಲು ಗೋಡೆಗೆ ಹಾರಿತು, ಆಮೇಲೆ ಪಕ್ಕದವಳ ತಲೆಗೆ, ಕೊನೆಗೆ ಬಟ್ಟಲಿಗೆ ಬಿತ್ತು. ಮಧ್ಯಾಹ್ನದ ಸಾರಿಗೆ ಅದೇ ಬೇಳೆ. ತಾನೇ ಹಿತುಕಿದ್ದು ಅಂತ ಎರಡು ಸಲ ಹಾಕಿಸಿಕೊಂಡ.

ನಾನು ಅವನ ಬೆರಳನ್ನೇ ನೋಡುತ್ತಿದ್ದೆ. ಪೆನ್ಸಿಲ್ ಹಿಡಿಯುವ ಬೆರಳುಗಳೇ ಅವು.

ಸಂಕ್ರಾಂತಿ ಆದ ವಾರ ಒಂದು ದಿನ ಅವನು ಸೀಮೆಸುಣ್ಣ ಕೇಳಿದ. ಜಗಲಿಯ ನೆಲದ ಮೇಲೆ ಉದ್ದಕ್ಕೆ ಬಸ್ಸು ಬರೆದ, ಕಿಟಕಿ ಬರೆದ, ಒಂದೊಂದು ಕಿಟಕಿಯಲ್ಲೂ ಒಂದೊಂದು ತಲೆ. ಆಮೇಲೆ ಎದ್ದು ಹೋಗಿ ಹೆಸರಿನ ರಟ್ಟು ತಂದು, ಅದನ್ನು ನೋಡಿಕೊಂಡು ಬಸ್ಸಿನ ಹಣೆಗೆ ತನ್ನ ಹೆಸರು ಗೀಚಿದ. ಒಂದು ಅಕ್ಷರ ತಿರುಗಾಮುರುಗಾ. ಅಮ್ಮ ತಿದ್ದಲಿಲ್ಲ. ‘ಈ ಬಸ್ಸು ಎಲ್ಲಿಗೆ ಹೋಗುತ್ತೆ?’ ಅಂತಷ್ಟೇ ಕೇಳಿದಳು. ಕಾಲರ್ ಕಚ್ಚುವುದು ಅವನಿಗೆ ಯಾವಾಗ ಮರೆತುಹೋಯಿತೋ ನಾನು ಗಮನಿಸಿಯೇ ಇರಲಿಲ್ಲ.

ಫೆಬ್ರುವರಿ, ಮಾರ್ಚ್ ಹುಣಸೆಹಣ್ಣು ಬಡಿಯುವ ಕಾಲ. ಹುಣಸೆ ಬೀಜದಲ್ಲಿ ಅಳಗುಳಿ ಮನೆ ಆಡಿಸಿದರು. ಪುಟ್ಟ ಮಕ್ಕಳು ಬೀಜವನ್ನು ಮೂಗಿಗೆ, ಬಾಯಿಗೆ ಹಾಕಿಕೊಳ್ಳದಂತೆ ಸಹಾಯಕಿ ಅಕ್ಕ ಪಕ್ಕದಲ್ಲೇ ಕೂತಿರುತ್ತಿದ್ದರು. ಒಂದು ಗುಳಿಗೆ ಒಂದೇ ಬೀಜ ಹಾಕುತ್ತಾ ಹೋಗುವುದಿದೆಯಲ್ಲ, ಅದರಲ್ಲೇ ಲೆಕ್ಕದ ಬುಡ ಇದೆ. ಬಾಯಲ್ಲಿ ನೂರರವರೆಗೆ ಒಪ್ಪಿಸುವ ಮಗುವಿಗೆ ‘ಏಳು ಬೀಜ ಕೊಡು’ ಅಂದರೆ ಎಷ್ಟೋ ಸಲ ಬರುವುದಿಲ್ಲ. ನನ್ನ ಮಗ ಎಲ್‌ಕೆಜಿಯಲ್ಲಿ ಐವತ್ತರವರೆಗೆ ಹೇಳುತ್ತಿದ್ದ. ಏಳು ಅಂದರೆ ಎಷ್ಟು ಅಂತ ಗೊತ್ತಾಗಿದ್ದು ಹುಣಸೆ ಬೀಜದಿಂದ.

ಮಾರ್ಚ್ ಕೊನೆಗೆ ಅಮ್ಮ ಪೋಷಕರನ್ನೆಲ್ಲ ಕರೆದಳು. ಪ್ರತಿ ವರ್ಷ ಮಕ್ಕಳಿಂದ ಡ್ಯಾನ್ಸ್ ಮಾಡಿಸುತ್ತಿದ್ದರು. ಈ ಸಲ ಬೇಡ ಅಂದಳು. ಬಂದ ಅಪ್ಪ ಅಮ್ಮಂದಿರನ್ನು ನೆಲದ ಮೇಲೆ ಕೂರಿಸಿ ಮಕ್ಕಳ ಆಟವನ್ನೇ ಅವರ ಕೈಯಲ್ಲಿ ಆಡಿಸಿದಳು. ಮಕ್ಕಳೇ ಮೇಷ್ಟ್ರು. ಕಣ್ಣು ಮುಚ್ಚಿ ಎಲೆ ಮುಟ್ಟಿ ಯಾವ ಮರದ್ದು ಹೇಳಬೇಕು. ಕೆರೆ–ದಡದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೇ ಮೊದಲ ಸುತ್ತಿಗೆ ಔಟು. ನಗು ನಿಲ್ಲುವಷ್ಟರಲ್ಲಿ ಅಮ್ಮ ಕೇಳಿದಳು: ‘ಈಗ ಹೇಳಿ, ಇದ್ರಲ್ಲಿ ನಿಮಗೆ ಏನೇನ್ ಕೆಲಸ ಬಿತ್ತು?’

‘ಗ್ಯಾನ ಇಟ್ಟು ಕೇಳ್ಬೇಕು’ ಅಂದರು ಒಬ್ಬರು. ‘ಎಣಿಸ್ಬೇಕು’ ಅಂದರು ಇನ್ನೊಬ್ಬರು. ಒಬ್ಬ ಅಜ್ಜ, ‘ಸೋತ್ರೂ ಸುಮ್ನಿರ್ಬೇಕು’ ಅಂದರು.

ಮೇಕೆ ಚಿತ್ರದ ಹುಡುಗಿಯ ತಾಯಿಯೂ ಬಂದು ಬಾಗಿಲ ಹತ್ತಿರ ನಿಂತಿದ್ದಳು. ಆಟ ಮುಗಿದ ಮೇಲೆ ಅಮ್ಮನ ಹತ್ತಿರ ಏನೋ ಮಾತಾಡಿದಳು. ಮಗಳನ್ನು ವಾಪಸ್ ಕಳಿಸಲಿಲ್ಲ. ಆದರೆ ಹೋಗುವಾಗ ಒಂದು ಹಿಡಿ ಹುಣಸೆ ಬೀಜ ಸೆರಗಿಗೆ ಕಟ್ಟಿಕೊಂಡು ಹೋದಳು.

ಏಪ್ರಿಲ್‌ನಲ್ಲಿ ಅಮ್ಮ ನಿವೃತ್ತಳಾದಳು. ಬೀರುವಿನ ಕೀಲಿ, ತೂಕದ ಯಂತ್ರ, ಪುಸ್ತಕಗಳು, ಇಲಾಖೆ ಕೊಟ್ಟ ಫೋನು ಎಲ್ಲವನ್ನೂ ಲೆಕ್ಕ ಹಾಕಿ ಒಪ್ಪಿಸಿದಳು. ಬೀರುವಿನ ಮೇಲೆ ಧೂಳು ಹಿಡಿದ ಆ ನೋಟ್‌ಬುಕ್, ಪೆನ್ಸಿಲ್ ಸಿಕ್ಕವು. ಮಗ ನೋಟ್‌ಬುಕ್ ತೆಗೆದುಕೊಂಡು ಹಿಂದಿನ ಪುಟದಲ್ಲಿ ಅಜ್ಜಿಯ ಚಿತ್ರ ಬರೆದ. ಅಜ್ಜಿಯ ಕೈ ಮೈಗಿಂತ ದೊಡ್ಡದಾಗಿತ್ತು.

ಈಗ ನಾವು ಮತ್ತೆ ಬೆಂಗಳೂರಿನಲ್ಲಿದ್ದೇವೆ. ಮಗನನ್ನು ಯುಕೆಜಿಗೆ ಹಾಕಿದ್ದೇವೆ, ಅದೂ ಖಾಸಗಿ ಶಾಲೆಯೇ. ಇದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಲಾರೆ. ಆದರೆ ಈ ಸಲ ಮೂರು ಶಾಲೆ ಸುತ್ತಿದೆ. ಎಲ್ಲ ಕಡೆ ಮೊದಲು ಕೇಳಿದ್ದು ಅಮ್ಮನ ಪ್ರಶ್ನೆ: ಹೊರಗಡೆ ಆಡಲು ಜಾಗ ಇದೆಯಾ? ಎರಡು ಕಡೆ ಉತ್ತರ ಬರಲಿಲ್ಲ. ಮೂರನೆಯ ಕಡೆ ಒಂದು ಬೇವಿನ ಮರ, ಅದರ ಕೆಳಗೆ ಮರಳಿನ ಗುಡ್ಡೆ ಇತ್ತು.

ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕವೇ ಕಲಿಸಬೇಕು, ಆದಷ್ಟೂ ಮನೆಮಾತಿನಲ್ಲಿ ಕಲಿಸಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಅದು ಕಾಗದದಲ್ಲಿದೆ. ನಿಮ್ಮೂರಿನ ಅಂಗನವಾಡಿಯಲ್ಲಿ ಎಷ್ಟು ನಡೆಯುತ್ತಿದೆ ಅಂತ ನೋಡಲು ಒಂದೇ ದಾರಿ. ಒಂದು ದಿನ ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಜಗಲಿಯಲ್ಲಿ ಒಂದು ಗಂಟೆ ಕೂತುಕೊಳ್ಳಿ. ಆಟ ನಡೆಯುತ್ತಿದ್ದರೆ, ಆ ಟೀಚರಮ್ಮನಿಗೆ ಒಂದು ಮಾತು ಹೇಳಿ ಬನ್ನಿ. ನಡೆಯದಿದ್ದರೆ, ಏಕೆ ಅಂತ ಕೇಳಿ. ಬಾಲವಿಕಾಸ ಸಮಿತಿ ಇರುವುದು ಅದಕ್ಕೇ, ಅದರಲ್ಲಿ ತಾಯಂದಿರೂ ಇರುತ್ತಾರೆ.

ನಾನು ಆ ಜಗಲಿಯಲ್ಲಿ ಹೋಗಿ ಕೂರಲು ಮೂವತ್ತು ವರ್ಷ ತಡವಾಯಿತು. ಅಮ್ಮನಿಗೆ ಇನ್ನೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಇದನ್ನು ಅವಳ ಫೋನಿಗೆ ಕಳಿಸುತ್ತೇನೆ. ಕನ್ನಡಕ ಹಾಕಿಕೊಂಡು ಓದುತ್ತಾಳೆ.